ಮೂರನೇ ಎಣಿಕೆ

ಪುಣೆಯ ದೊಡ್ಡ ಕಂಪನಿಯಿಂದ ಬಂದಿದೆ
ಹದಿನಾಲ್ಕು ಪುಟದ ನಮೂನೆ.
ಒಂಬತ್ತನೇ ಪುಟದಲ್ಲಿ ಒಂದು ಖಾಲಿ ಚೌಕ:
'ನಿಮ್ಮ ಸಂಸ್ಥೆಯ ಮೌಲ್ಯಗಳನ್ನು
ನೂರು ಪದ ಮೀರದಂತೆ ಬರೆಯಿರಿ.'
ರಾಣೆಬೆನ್ನೂರಿನ ಈ ಬೀಜದ ಗೋದಾಮಿನಲ್ಲಿ,
ಕೆಂಪು ಧೂಳು ಮೆತ್ತಿದ ಫ್ಯಾನಿನಡಿ
ನಾಲ್ಕು ದಿನದಿಂದ ಕೂತಿದ್ದೇನೆ.
ನೂರು ಎಂದರೆ ನನಗೆ ಬೇರೆಯೇ ನೆನಪಾಗುತ್ತದೆ.

ಲೆಕ್ಕದ ಗುರುಪಾದ ಅಂದ:
'ನೆಟ್ಟಿನ್ಯಾಗ ಸಿಗ್ತಾವ್ರಿ ಅಕ್ಕಾರ, ಇಳಿಸಿ ಹಚ್ಚಿಬಿಡೂಣು.'
ಇಳಿಸಿಯೂ ತಂದ.
ಪ್ರಾಮಾಣಿಕತೆ, ಪಾರದರ್ಶಕತೆ, ಬದ್ಧತೆ:
ಮದುವೆ ಬ್ಯಾಂಡಿನವರ ಕೋಟುಗಳು,
ಯಾರು ಬೇಕಾದರೂ ತೊಡಬಹುದು,
ಯಾರ ಭುಜಕ್ಕೂ ಸರಿಯಾಗಿ ಕೂಡುವುದಿಲ್ಲ.

ಬರೆಯಲು ಹೋದರೆ ಕಾಣುವುದು ಫಕ್ಕೀರವ್ವನ ಬೆರಳು.
ಒದ್ದೆ ಕಾಗದದ ಸುರುಳಿ ಬಿಚ್ಚುವ ಬೆರಳು.
ಏಳನೇ ದಿನದ ಗೋವಿನಜೋಳ, ನೂರು ಕಾಳು,
ಬಿಳಿ ಬೇರು ಇಳಿಸಿದ್ದು ಒಂದು ಕಡೆ,
ಉಬ್ಬಿ ಸುಮ್ಮನೆ ಮಲಗಿದ್ದು ಇನ್ನೊಂದು ಕಡೆ.
ಅವಳಿಗೆ ಅಕ್ಷರ ಬಾರದು. ಅಂಕಿ ಬರುತ್ತಿತ್ತು.

ಅಪ್ಪ ಹಾಸಿಗೆ ಹಿಡಿದು,
ಕೀಲಿ ನನ್ನ ಸೆರಗಿಗೆ ಬಂದು ಮೂರು ತಿಂಗಳು.
ಚೀಟಿ ಮೊದಲೇ ಅಚ್ಚಾಗಿತ್ತು:
ಮೊಳಕೆ ಶೇಕಡಾ ತೊಂಬತ್ತು.
ಲಾರಿ ಬಾಗಿಲಲ್ಲಿತ್ತು.
ರೋಹಿಣಿ ಮಳೆ ಹಿಂದಿನ ರಾತ್ರಿಯೇ
ಮೆಡ್ಲೇರಿ ಕಡೆ ಹನಿಸಿ ಹೋಗಿತ್ತು.

'ಎಷ್ಟು?'
'ಎಪ್ಪತ್ತೊಂದ್ರಿ.'
'ಇನ್ನೊಮ್ಮೆ ಎಣಿಸು.'
'ಎಪ್ಪತ್ತೊಂದ್ರಿ.'
'ಇನ್ನೊಮ್ಮೆ.'
ಈ ಸಲ ಮೂಗಿನ ಹತ್ತಿರ ಹಿಡಿದು, ಒಂದೊಂದೇ.
'ಎಪ್ಪತ್ತ್ರಿ. ಒಂದರ ಬೇರು ಕೊಳೆತೈತಿ, ಆಗ ನೋಡಿರಲಿಲ್ಲ.
ಇನ್ನಾ ಎಣಿಸಂದ್ರ ಎಣಿಸ್ತೀನಿ ಅಕ್ಕಾರ,
ಆದ್ರ ಎಣಿಸಿದಷ್ಟೂ ಕಡಿಮಿ ಆಗ್ತಾವು,
ಹೆಚ್ಚಂತೂ ಆಗಂಗಿಲ್ಲ.'

ಆ ಮಾತಿಗೆ ನಾನು ತಿದ್ದಿಕೊಂಡೆ ಎಂದು ಬರೆದರೆ
ಚೌಕ ಚೆನ್ನಾಗಿ ತುಂಬುತ್ತದೆ.
ಆದರೆ ಲಾರಿ ಹೋಯಿತು. ಬಾಗಿಲು ತೆಗೆಸಿದವಳು ನಾನು.
ರಿಜಿಸ್ಟರಿನಲ್ಲಿ ತೊಂಬತ್ತು ಬರೆದು
ಪಕ್ಕದಲ್ಲಿ ಹೆಬ್ಬೆಟ್ಟು ಒತ್ತು ಎಂದೆ.
ಅವಳು ಅಂಕಿ ನೋಡಿದಳು,
ಮಸಿಡಬ್ಬಿಯ ಮುಚ್ಚಳ ಮುಚ್ಚಿದಳು.
ಕೈ ತೊಳೆದು, ಬುತ್ತಿ ಬಿಚ್ಚಿ ಉಂಡಳು.
ಮರುದಿನ ಅದೇ ಹೊತ್ತಿಗೆ ಕೆಲಸಕ್ಕೆ ಬಂದಳು.
ನನಗೆ ತಡೆಯಲಾಗದೆ ಹೋದದ್ದು ಅದು.

ಯಾರೂ ಜಗಳಕ್ಕೆ ಬರಲಿಲ್ಲ.
ಕಾಗೆ ಹೆಕ್ಕಿತು ಅಂದರು, ಇರುವೆ ಅಂದರು,
ಬಿತ್ತಿದ ಕೈಗುಣ ಅಂದರು.
ಸಾಲಿನ ನಡುವಿನ ಬಯಲಿಗೆ ಬಗ್ಗಿ
ಎರಡನೇ ಸಲ ಕಾಳೂರಿದರು,
ಆ ಕಾಳನ್ನೂ ನಮ್ಮಲ್ಲೇ ಕೊಂಡು.
ಚೀಟಿಯನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ.
ಅಪ್ಪ ಮೂವತ್ತು ವರ್ಷ ಗಳಿಸಿಟ್ಟದ್ದನ್ನು
ಒಂದು ಮಧ್ಯಾಹ್ನದಲ್ಲಿ ಖರ್ಚು ಮಾಡಿದ್ದೆ,
ಅದರ ರಸೀದಿ ಯಾರ ಹತ್ತಿರವೂ ಇಲ್ಲ.

ಈಗ ಚೀಟಿಯಲ್ಲಿ ಆ ಜಾಗ
ಅಚ್ಚಿನಿಂದಲೇ ಖಾಲಿ ಬರುತ್ತದೆ.
ಅಂಕಿಯನ್ನು ಎಣಿಸಿದವರೇ ಒತ್ತಬೇಕು.
ಗೋದಾಮಿನ ಕೀಲಿ ನನ್ನ ಸೆರಗಿನಲ್ಲಿಲ್ಲ,
ಎಣಿಸುವ ಕೋಣೆಯ ಮೊಳೆಯಲ್ಲಿದೆ.
ನಾನು ಕೇಳಿದರೂ ಕೊಡಬಾರದು.
ಹೋದ ವರ್ಷ ಕೇಳಿದೆ. ಮಾಬೂಬಿ ಕೊಡಲಿಲ್ಲ.
ಪರೀಕ್ಷೆ ಮಾಡಿದೆ ಎಂದು ಗುರುಪಾದನಿಗೆ ಹೇಳಿ ನಕ್ಕೆ.
ಪರೀಕ್ಷೆಯಾಗಿರಲಿಲ್ಲ.

ಕಡೆಗೆ ಚೌಕದಲ್ಲಿ ಬರೆದೆ:
'ಮೂರು ಸಲ ಎಣಿಸುತ್ತೇವೆ.
ಕಡಿಮೆ ಬಂದದ್ದನ್ನು ಬರೆಯುತ್ತೇವೆ.'
ಗುರುಪಾದ ಬೆರಳು ಮಡಚಿ ನೋಡಿದ.
'ಆರ ಆದುವಲ್ರಿ. ಇನ್ನಾ ತೊಂಬತ್ನಾಕು ಉಳದಾವು.'

ಉಳಿಯಲಿ.
ಇವತ್ತು ಏಳನೇ ದಿನ.
ಒಳಗೆ ಒದ್ದೆ ಕಾಗದ ಬಿಚ್ಚುವ ಸಪ್ಪಳ.