ಬರಿಗಾಲಿನ ಲೆಕ್ಕ

ಮೊದಲು ಎಲ್ಲಾ ಬಿಚ್ಚಬೇಕು.
ಗರಿಯ ಟೊಪ್ಪಿಗೆ, ಉಕ್ಕಿನ ಎದೆಕವಚ,
ಹಬ್ಬದ ವಾರ ಪುಕ್ಕಟೆ ಸಿಕ್ಕ ಉಂಗುರ,
ಬೆನ್ನಿಗೆ ಕಟ್ಟಿದ, ಯಾತಕ್ಕೂ ಬಾರದ ದೀಪ.
ಒಳಲಂಗದ ಮೇಲೆ ಕಾಗೆಸೇತುವೆಯ ಕಂಬದ ಬುಡಕ್ಕೆ
ನಿಂತಳು ಗಾಳಿಗೌರಿ.
ನನ್ನಾಕಿ. ಐವತ್ತೆರಡನೇ ಹಂತದಾಕಿ.
ಹಾದುಹೋಗುವವರು ಯಾರೋ
ಒಂದು ಬೆಳ್ಳಿ ನಾಣ್ಯ ಒಗೆದು ಹೋದರು.

ಬೆಟಗೇರಿ. ರಾತ್ರಿ ಹನ್ನೊಂದೂವರೆ.
ಬಾಜೂ ಮನೆಯ ಕೊನೇ ಮಗ್ಗ ಆಗಷ್ಟೇ ಸುಮ್ಮನಾಗಿತ್ತು.
ಕಿವಿಯೊಳಗೆ ದಸ್ತಗೀರ, ಬ್ಯಾಡಗಿಯಿಂದ,
ಹಗಲೆಲ್ಲ ಮೆಣಸಿನಕಾಯಿ ಚೀಲ ತೂಗಿ ಬಂದವನು.
"ಒಂದು, ಎರಡು…"
ಮೂರು ಅನ್ನುವಲ್ಲಿ ಸೀನಿದ.
ನಾನು ಓಡಿಸಿಬಿಟ್ಟೆ.
ಆ ಸಲದ್ದು ಲೆಕ್ಕಕ್ಕೆ ಹಿಡಿಯಲಿಲ್ಲ.

ಪ್ರಶ್ನೆ ಸಣ್ಣದು.
ಬೂಟಿಗೆ ನೂರಕ್ಕೆ ಹತ್ತರ ವೇಗ,
ಕಷಾಯಕ್ಕೆ ಹದಿನೈದು.
ಎರಡೂ ಸೇರಿದರೆ ಇಪ್ಪತ್ತೈದೋ,
ಒಂದರ ಹೆಗಲ ಮೇಲೆ ಇನ್ನೊಂದು ಹತ್ತಿ
ಇಪ್ಪತ್ತಾರೂವರೆಯೋ?
ಆ ಒಂದೂವರೆಯ ಸಲುವಾಗಿ
ದಸ್ತಗೀರ ಮೂರು ದಿನ ಮಾತು ಬಿಟ್ಟಿದ್ದ.

ಕಂಬದಿಂದ ಬಾವಿಕಟ್ಟೆಯ ತನಕ,
ಬರಿಗಾಲು: ನಲವತ್ತೆರಡು ಪಾಯಿಂಟ್ ಆರು.
ಬೂಟು: ಮೂವತ್ತೆಂಟು ಪಾಯಿಂಟ್ ಏಳು.
ಬೂಟು, ಕಷಾಯ: ಮೂವತ್ತನಾಲ್ಕು.
ಇನ್ನೊಮ್ಮೆ, ಮೂವತ್ತಮೂರೂವರೆ.
ಮತ್ತೊಮ್ಮೆ, ಮೂವತ್ತನಾಲ್ಕು ಪಾಯಿಂಟ್ ಮೂರು.
ಉತ್ತರ ಅಲ್ಲೇ ಎಲ್ಲೋ ಇತ್ತು,
ಹೆಬ್ಬೆರಳಿನ ಕೆಳಗೆ ಸಿಕ್ಕ ಇರುವೆಯ ಹಾಗೆ.

ಬಾಗಿಲಿಗೆ ಫಕೀರಪ್ಪ ಮಾಸ್ತರರು ಬಂದು ನಿಂತಿದ್ದರು,
ಬಾಡಿಗೆ ಕೇಳಲಿಕ್ಕಲ್ಲ, ನಮ್ಮ ಗದ್ದಲ ಕೇಳಿ.
ಮೂವತ್ತೊಂದು ವರ್ಷ ಪೀಟಿ ಮಾಸ್ತರು.
ಎಷ್ಟೋ ಕ್ರೀಡಾಕೂಟಗಳ ಕೊನೇ ಗೆರೆಯಲ್ಲಿ
ಬಗ್ಗಿ ನಿಂತೇ ಬೆನ್ನು ಬಾಗಿಸಿಕೊಂಡವರು.
ನನ್ನ ಫೋನಿನ ಗಡಿಯಾರ ನೋಡಿ ಮುಖ ಹುಳ್ಳಗೆ ಮಾಡಿದರು.
ಕೆಳಗಿಳಿದು ಹೋಗಿ, ತಲೆಗೆ ಗುಂಡಿಯಿದ್ದ
ತಮ್ಮ ಹಳೇ ಗಡಿಯಾರ ತಂದರು, ಕೊರಳದಾರ ಸಮೇತ.
ಓಡುವಾಕಿ ಯಾರು ಅಂತ ಕೇಳಲಿಲ್ಲ.
ಎರಡು ಸಲ ಒತ್ತಿ ನೋಡಿ ಅಂದರು:
"ಓಟ ಸಣ್ಣದಾತವಾ, ಹೆಬ್ಬಟ್ಟು ದೊಡ್ಡದಾತು.
ಹತ್ತು ಪಟ್ಟು ಓಡಸು.
ನನ್ನ ತಪ್ಪು ಇದ್ದಷ್ಟೇ ಇರ್ತೈತಿ."

ಹಾಗಾಗಿ ಸೇತುವೆಯಿಂದ ಉಪ್ಪಿನ ಬಂದರಿಗೆ.
ಬರಿಗಾಲಿಗೆ ಏಳು ನಿಮಿಷ, ಆರು ಸೆಕೆಂಡು.
ಯಾರೂ ಕೊಯ್ಯದ ಸಾಸಿವೆ ಹೊಲ,
ಮೂರು ತಿರುವಿಗೊಮ್ಮೆ ಮತ್ತೆ ಅದೇ ಜಿಂಕೆ,
ಅದೇ ಕಿವಿ ಅಲ್ಲಾಡಿಸುವುದು.
"ಅಕಿಗೆ ದಮ್ಮು ಹತ್ತಂಗಿಲ್ಲೇನು?"
"ಇಲ್ರಿ ಸರ್."
"ಹಂಗಾದರ ಅದು ಓಟ ಅಲ್ಲ ಬಿಡು,"
ಅಂದರು. ಕಣ್ಣು ಮಾತ್ರ ಪರದೆ ಬಿಡಲಿಲ್ಲ.
ಗೌರಿ ಹೊಳೆ ದಾಟುವಾಗ
ಅವರ ಬಲಗಾಲಿನ ಹಿಮ್ಮಡಿ ನೆಲ ಬಿಟ್ಟಿತ್ತು.

ಓಟಕ್ಕೊಂದು ಶೀಶೆ, ಶೀಶೆಗೆ ನಲವತ್ತು ಬೆಳ್ಳಿ.
ಭಿಕ್ಷೆಯ ಆ ನಾಣ್ಯವೂ ಅದಕ್ಕೇ ಹೋಯಿತು.
ಐದು ನಿಮಿಷ ನಲವತ್ತು ಪಾಯಿಂಟ್ ಒಂಬತ್ತು.
ಐದು ನಿಮಿಷ ನಲವತ್ತು ಪಾಯಿಂಟ್ ಏಳು.
ಕೂಡುತ್ತವೆ. ಗುಣಿಸುವುದಿಲ್ಲ.
ಅತ್ತ ಕಡೆ ದಸ್ತಗೀರ ಬಹಳ ಹೊತ್ತು ಸುಮ್ಮನಿದ್ದು
"ಕರೆಂಟ್ ಹೋಗಿತ್ತು, ಏನಂದಿ?" ಅಂದ.
ಹೋಗಿರಲಿಲ್ಲ.

ಆಮೇಲೆ ಕುದುರೆಲಾಳದ ತಾಯಿತ ಹಾಕಿದೆವು,
ಸಾಧುವಿನ ಹರಕೆ, ನವಿಲಿನ ಮೇಲುಹೊದಿಕೆ.
ನಲವತ್ತು ಮುಟ್ಟಿದ ಮೇಲೆ
ಏನು ಹೇರಿದರೂ ಅಷ್ಟೇ: ಐದು ನಿಮಿಷ, ನಾಲ್ಕು ಸೆಕೆಂಡು.
"ಗೂಟ ಬಡದಾರ," ಅಂದರು ಮಾಸ್ತರರು.
"ಶಾಣ್ಯಾ ಮಂದಿ."

ಬೆಳಗಿನ ಐದೂವರೆಗೆ ನನ್ನ ಬಾಗಿಲು ದಬದಬ.
"ಏಳವಾ. ಓಡೂದು, ಒತ್ತೂದು,
ಎರಡೂ ಒಬ್ಬನ ಕೈಯಾಗ ಆಗಂಗಿಲ್ಲ."
ಭೀಷ್ಮಕೆರೆಯ ದಂಡೆಗೆ ಇನ್ನೂ ಮಬ್ಬು.
ಅವರು ಮಫ್ಲರ್ ಬಿಚ್ಚಿದರು. ಸ್ವೆಟರ್ ಬಿಚ್ಚಿದರು.
ಕನ್ನಡಕ, ಕಿಸೆಯ ಕೀಲಿಗೊಂಚಲು,
ಅಡಕೆಚೀಲ, ಒಂದೊಂದೇ ನನ್ನ ಮಡಿಲಿಗೆ.
ಕಡೆಗೆ ಬೂಟು. ಜೋಡಿಸಿ ಬದಿಗಿಟ್ಟರು.
"ಇದು ಎರಡನೇ ಓಟಕ್ಕ," ಅಂದರು.
ಬಾಗಿದ ಬೆನ್ನು ಇನ್ನೂ ಒಂಚೂರು ಬಾಗಿತು.

ನಾನು ಒಂದು ಅಂದೆ, ಎರಡು ಅಂದೆ.
ಹೆಬ್ಬಟ್ಟಿನ ಕೆಳಗೆ ಗುಂಡಿ ತಣ್ಣಗಿತ್ತು.