ಒಂದು ಗುಡಿಸಿನ ತಪ್ಪು

ಗೇಲ್ಸ್‌ಬರ್ಗ್ ಊರಿನ ಲೈಬ್ರರಿಯಲ್ಲಿ ಪ್ರತಿ ಮಂಗಳವಾರ
ಎರಡರಿಂದ ನಾಲ್ಕು, ಕಿಟಕಿ ಪಕ್ಕದ ಮೇಜು ನನ್ನದು.
ಅರ್ಜಿ ಬರೆಯಲು ತಿಳಿಯದವರಿಗೆ ಬರೆದುಕೊಡುತ್ತೇನೆ.
ಸಂಬಳವಿಲ್ಲ, ಕಾಫಿ ಉಂಟು.
ಹಾವೇರಿ ಖಜಾನೆಯಲ್ಲಿ ಹನ್ನೊಂದು ವರ್ಷ ಕಡತ ಕಟ್ಟಿದವಳು,
ಸುಳ್ಳು ಹೇಳುವ ಕಾಗದದ ಮುಖ ಹೇಗಿರುತ್ತದೆಂದು ಬಲ್ಲೆ.

ವೆರ್ನರ್ ಮೆಲೀನ್ ಬಂದದ್ದು ಮೊಮ್ಮಗಳ ಬಲವಂತಕ್ಕೆ.
ತೊಂಬತ್ತೊಂದು. ರೈಲ್ವೆ ಯಾರ್ಡಿನಲ್ಲಿ ಬ್ರೇಕ್‌ಮನ್ ಆಗಿದ್ದವರು.
ಎಡಗಾಲಿನ ಎರಡು ಬೆರಳು ಕೊರಿಯಾದ ಹಿಮಕ್ಕೆ ಹೋದವು.
ಭುಜದಲ್ಲೊಂದು ಲೋಹದ ಚೂರು; ಎಕ್ಸ್‌ರೇ ತೆಗೆದಾಗಲೆಲ್ಲ
ಹೊಸ ಡಾಕ್ಟರು "ಇದೇನು?" ಎಂದು ಕೇಳುವಂಥದ್ದು.
ಬಿಡುಗಡೆ ಪತ್ರದ ಇಪ್ಪತ್ತೊಂಬತ್ತನೇ ಕಲಂ, ಶತ್ರುವಿನಿಂದಾದ ಗಾಯ:
ಇಲ್ಲ.
ಇಪ್ಪತ್ತೇಳನೇ ಕಲಂ, ಪದಕಗಳು:
ಒಂದು. ಅದೂ ಹೋದವರಿಗೆಲ್ಲ ಹಂಚಿದ್ದು.

ಸೇಂಟ್ ಲೂಯಿಸ್‌ಗೆ ಬರೆದೆ. ಉತ್ತರ ಬಂತು:
ಎಪ್ಪತ್ಮೂರರ ಬೆಂಕಿಯಲ್ಲಿ ಆರನೇ ಮಹಡಿ ಸುಟ್ಟಿದೆ, ವಿಷಾದಿಸುತ್ತೇವೆ,
ಬೇರೆ ಪುರಾವೆ ಇದ್ದರೆ ಕಳಿಸಿ.
ಬೇರೆ ಪುರಾವೆ! ಮುದುಕ ಅಲ್ಲೇ ಅಂಗಿಯ ಗುಂಡಿ ಬಿಚ್ಚತೊಡಗಿದರು.
ಮೊಮ್ಮಗಳು ಕೈ ಹಿಡಿದಳು. ಲೈಬ್ರರಿಯಲ್ಲವೇ.

ಜೊತೆಗಿದ್ದವರನ್ನು ಹುಡುಕಿದೆವು. ಟೊಪೀಕಾದಲ್ಲಿ ಫೋನೆತ್ತಿದ್ದು ವಿಧವೆ.
ಇನ್ನೊಬ್ಬರಿಗೆ ನೆನಪೆಲ್ಲ ಹೋಗಿ ಒಂದು ಹಾಡು ಮಾತ್ರ ಉಳಿದಿತ್ತು,
ಅದನ್ನೇ ಹಾಡಿದರು, ಪೂರ್ತಿ. ಇವರು ಪೂರ್ತಿ ಕೇಳಿದರು.
ಕೊನೆಗೆ ಸಿಕ್ಕಿದ್ದು ಅವರ ಕಂಪನಿಯ ದಿನದ ವರದಿ,
ಐವತ್ತೊಂದರ ಫೆಬ್ರವರಿ, ಮೈಕ್ರೋಫಿಲ್ಮಿನ ಬೂದಿ ಬಣ್ಣದಲ್ಲಿ:
ಮಿಲೀನ್, ವಿ. ಗಾಯಾಳು. ಆಸ್ಪತ್ರೆಗೆ.

ಮಿಲೀನ್.
ಎತ್ವ ಇರಬೇಕಾದಲ್ಲಿ ಗುಡಿಸು.
ಚಳಿಗೆ ಮರಗಟ್ಟಿದ ಯಾವ ಗುಮಾಸ್ತನ ಬೆರಳೋ,
ಒಂದು ಕೀಲಿ ತಪ್ಪಿ ಇನ್ನೊಂದರ ಮೇಲೆ ಬಿದ್ದು
ಎಪ್ಪತ್ತೆರಡು ವರ್ಷ.
ಕಾಗುಣಿತ ತಪ್ಪಿದರೆ ನಮ್ಮ ಮಾಸ್ತರರು ಕಿವಿ ಹಿಂಡುತ್ತಿದ್ದರು;
ಅದಕ್ಕೆ ಹೀಗೂ ಒಂದು ಕಾರಣವಿತ್ತೆಂದು ಆಗ ಯಾರು ಹೇಳಿದ್ದರು?

ಸೇವಾ ಸಂಖ್ಯೆಯ ಅಂಕಿಗಳು ಮಾತ್ರ ತಪ್ಪಿರಲಿಲ್ಲ.
ಅದನ್ನೇ ಹಿಡಿದು ಎಳೆದೆ. ಅಫಿಡವಿಟ್ಟು, ನಕಲು, ನಕಲಿನ ನಕಲು.
ತೊಂಬತ್ತೊಂದು ತೊಂಬತ್ತೆರಡಾಯಿತು.

ಸಹಿ ಹಾಕಿ ಪಡೆದ ಲಕೋಟೆಯನ್ನು ಬಿಚ್ಚದೆ ನನ್ನ ಮೇಜಿಗೇ ತಂದರು.
ಹಳೆಯದನ್ನು ಅವರು ಅಳಿಸುವುದಿಲ್ಲ, ಪಕ್ಕಕ್ಕೊಂದು ಹಾಳೆ ಸೇರಿಸುತ್ತಾರೆ:
ಇಲ್ಲ ಎಂಬುದನ್ನು ತೆಗೆದು ಹೌದು ಎಂದು ಓದಿಕೊಳ್ಳತಕ್ಕದ್ದು.
ಪದಾತಿ ಯೋಧನ ಬ್ಯಾಡ್ಜು, ಕಂಚಿನ ನಕ್ಷತ್ರ,
ನೇರಳೆ ರಿಬ್ಬನ್ನಿಗೆ ತೂಗುವ ಹೃದಯ,
ಗುಳ್ಳೆಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಗಾಜಿನ ಬಳೆ ಕಳಿಸಿದ ಹಾಗೆ.

ಮೊಮ್ಮಗಳು ಅತ್ತಳು. ನಾನೂ ಕನ್ನಡಕ ಒರೆಸಿದೆ, ಸುಳ್ಳೇಕೆ.
ಅವರು ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿ
"ಹೋದ ವರ್ಷದಿಂದ ಯೋಚಿಸ್ತಿದ್ದೇನೆ," ಎಂದರು.
"ಗುಂಡು ತಿಂದವನು ಮಿಲೀನ್. ಮನೆಗೆ ಬಂದವನು ಮೆಲೀನ್.
ಅವನು ಅಲ್ಲೇ ಹಿಮದಲ್ಲಿದ್ದ,
ನಾನಿಲ್ಲಿ ಮದುವೆಯಾದೆ, ಗಾಡಿ ಜೋಡಿಸಿದೆ, ಎಷ್ಟೋ ರಾತ್ರಿ ನಿದ್ದೆ ಕೂಡ ಮಾಡಿದೆ.
ಈಗ ನೀವು ಇಬ್ಬರನ್ನೂ ಒಂದೇ ಮನೆಗೆ ಕರೆತಂದಿರಿ."

ಏನು ಹೇಳಲಿ. ಖಜಾನೆಯಲ್ಲಿ ಇದಕ್ಕೆ ನಮೂನೆ ಇರಲಿಲ್ಲ.
ದೂರದಲ್ಲಿ ಕಲ್ಲಿದ್ದಲಿನ ಗಾಡಿ ಹಾಯುತ್ತಿತ್ತು,
ಅವರ ತುಟಿ ತನ್ನಷ್ಟಕ್ಕೆ ಡಬ್ಬಿ ಎಣಿಸುತ್ತಿತ್ತು.
ಕೊನೆಯದೂ ಹೋದ ಮೇಲೆ
ಹೃದಯವನ್ನು ಅಂಗಿಯ ಮೇಲಲ್ಲ, ಒಳಜೇಬಿಗೆ ಹಾಕಿಕೊಂಡು
ನನ್ನ ಕಾಫಿ ಪಾತ್ರೆಯ ಕಡೆ ನೋಡಿ
"ಅವನಿಗೂ ಒಂದು ಕಪ್ಪು," ಎಂದರು.