ನಡುದಾರಿಯ ಆರು ಸೆಕೆಂಡು

ಎರಡನೇ ನಂಬರಿನ ಡಬ್ಬಿ ನನ್ನದು.
ಒಂದನೇದು ಕುರ್ದಿನ್‌ನದು.
ಇಪ್ಪತ್ತಾರು ವರ್ಷ.

ಈಗ ಜನ ಕೇಳುತ್ತಾರೆ, ಮೆಂಜಾ,
ಅಷ್ಟು ಎತ್ತರದಲ್ಲಿ ಭಯವಾಗುತ್ತಿರಲಿಲ್ಲವೇ ಎಂದು.
ಎತ್ತರ ನಮ್ಮ ಕೆಲಸವಾಗಿರಲಿಲ್ಲ.
ನಮ್ಮ ಕೆಲಸ ಬಾಗಿಲು.
ಎಲ್ಲರೂ ಒಳಗೆ ಬಂದರೇ, ಕೊಕ್ಕೆ ಬಿತ್ತೇ,
ಯಾರದಾದರೂ ಮಫ್ಲರಿನ ತುದಿ ಸಂದಿಗೆ ಸಿಕ್ಕಿದೆಯೇ
ನೋಡುವುದು, ಗಂಟೆ ಒತ್ತುವುದು.
ಮಿಕ್ಕದ್ದು ಹಗ್ಗದ ಪಾಲು.

ಹಗ್ಗವೆಂದರೆ ನನ್ನ ಮುಂಗೈ ದಪ್ಪದ ಉಕ್ಕು,
ಬಿಸಿಲಿಗೆ ಉದ್ದ, ಚಳಿಗೆ ಗಿಡ್ಡ.
ಅದರ ಗ್ರೀಸು ಮದುವೆಯ ದಿನವೂ ನನ್ನ ಉಗುರಲ್ಲಿತ್ತು;
ಉಂಗುರದ ಹೊತ್ತಿಗೆ ಪಾದ್ರಿಯ ಮೂಗು ಅರಳಿತು.

ಒಂದು ಏರಬೇಕಾದರೆ ಇನ್ನೊಂದು ಇಳಿಯಬೇಕು:
ಆ ಯಂತ್ರದ ವೇದಾಂತವೆಲ್ಲ ಇಷ್ಟೇ.
ಅವನು ತುದಿಯಲ್ಲಿ ಕಾಫಿ ಕುಡಿಯುವಾಗ
ನಾನು ಬುಡದಲ್ಲಿ ಟಿಕೆಟ್ ಹರಿಯುತ್ತಿದ್ದೆ.
ಅವನ ಮನೆಯೂ ಮೇಲಿನ ನಿಲ್ದಾಣದ ಹಿಂದೆಯೇ.
ಭೇಟಿ, ದಿನಕ್ಕೆ ಹದಿನೆಂಟು ಸಲ,
ಕಣಿವೆ ಬಾಯಿ ಪೂರಾ ತೆರೆದಿರುವ ಕಡೆ,
ಆರು ಸೆಕೆಂಡು.

ಆರು ಸೆಕೆಂಡಿನಲ್ಲಿ ಏನು ಹೇಳಬಹುದು?
ಕೈ ಎತ್ತಿದರೆ, ಎಲ್ಲ ಸರಿ.
ಎತ್ತದಿದ್ದರೆ, ಮೇಲೆ ಗಾಳಿ ಜೋರು.
ಟೋಪಿ ತೆಗೆದರೆ ಒಳಗೆ ಶವವಿದೆ,
ಇಲ್ಲವೇ ಹೋಟೆಲಿನ ಮಾಲೀಕನಿದ್ದಾನೆ.
ಒಮ್ಮೆ ಅವನ ಡಬ್ಬಿಯ ತುಂಬ ಒಂದು ಪಿಯಾನೋ,
ರೆಸಾರ್ಟಿನ ಹೊಸ ವರ್ಷದ ಕುಣಿತಕ್ಕೆ ಏರುತ್ತಿತ್ತು.
ದಾಟುವಾಗ ನನ್ನ ಕಡೆ ನೋಡಿ
ಒಂದು ಬಿಳಿ ಮನೆ ಒತ್ತಿದ.
ಎರಡು ಗಾಜು, ನಡುವೆ ಗಾಳಿ. ಕೇಳಿಸಲಿಲ್ಲ.
ಬೆರಳು ಮಾತ್ರ ಕಂಡಿತು. ಯಾವ ಸ್ವರವಿತ್ತೋ
ಎಂದು ಪಾತ್ರೆ ತೊಳೆಯುವಾಗ ಯೋಚಿಸುತ್ತೇನೆ, ಇಂದಿಗೂ.

ಅವನ ತಾಯಿ ತೀರಿಕೊಂಡ ಫೆಬ್ರವರಿ
ಅವಳನ್ನು ಕೆಳಗಿಳಿಸಿದ್ದು ಅವನೇ.
ನನ್ನ ಡಬ್ಬಿಯಲ್ಲಿ ಡಚ್ಚರು, ಸ್ಕೀ ಕೋಲು ಕುಟ್ಟುತ್ತ ಹಾಡು.
ದೂರದಿಂದಲೇ ಅವನ ಬರಿದಲೆ ಕಂಡು
ಸುಮ್ಮನಿರಿ ಎಂದೆ.
ಯಾಕೆಂದು ಕೇಳದೆ ಸುಮ್ಮನಾದರು, ಪುಣ್ಯವಂತರು.

ಆಮೇಲೆ ಹೊಸ ಸಾಲು ಬಂತು.
ಮೂವತ್ತೆಂಟು ಗಾಜಿನ ಮೊಟ್ಟೆ, ಪೋಣಿಸಿದ ಹಾಗೆ,
ನಿಲ್ಲುವುದಿಲ್ಲ, ಸೀಟು ಬೆಚ್ಚಗೆ,
ಬಾಗಿಲು ತಾನೇ ಹಾಕಿಕೊಳ್ಳುತ್ತದೆ.
ಬೀಳ್ಕೊಡುಗೆಗೆ ಹಿತ್ತಾಳೆ ವಾದ್ಯದವರು ಬಂದರು.
ಭಾಷಣದಲ್ಲಿ ‘ನಮ್ಮ ಹಿರಿಯಜ್ಜಿ’ ಎಂದದ್ದು
ಯಂತ್ರಕ್ಕಂತೆ. ನಾನು ಅರ್ಧ ಎದ್ದು ನಿಂತಿದ್ದೆ.
ಕೊನೆಯ ಸಲ ದಾಟುವಾಗ ಮಂಜು.
ಅವನು ಕೈ ಎತ್ತಿದನೋ ಇಲ್ಲವೋ.
ನಾನಂತೂ ಎತ್ತಿದೆ.

ಒಂದನೇ ನಂಬರು ಈಗ ಹೋಟೆಲಿನ ಅಂಗಳದಲ್ಲಿದೆ,
ಬಿಸಿ ವೈನು ಮಾರುತ್ತಾರೆ.
ನನ್ನದನ್ನು ಹರಾಜಿನಲ್ಲಿ ಕೊಂಡವನು ಫ್ಲುರಿನ್.
‘ನಲವತ್ತು ಜನ, ಮೂರು ಸಾವಿರದ ಇನ್ನೂರು ಕಿಲೋ’
ಎಂಬ ಫಲಕದ ಕೆಳಗೆ ಹನ್ನೊಂದು ಕೋಳಿ,
ಕಿಟಕಿಯ ಕಡೆ ಮುಖ ಮಾಡಿ,
ದುಡ್ಡು ಕೊಟ್ಟು ಹತ್ತಿದವರ ಹಾಗೆ.
ಕೊಕ್ಕೆ ಸಡಿಲವಾಗಿತ್ತು. ಬಿಗಿದು ಬಂದೆ.
ಆ ಕಡೆ ನರಿ ಓಡಾಡುತ್ತದೆ.

ಕುರ್ದಿನ್ ಈಗ ಕೆಳಗೇ, ಚರ್ಚಿನ ಹಿಂದೆ ಬಾಡಿಗೆಗೆ.
ಇಪ್ಪತ್ತಾರು ವರ್ಷ ಹತ್ತಿ ಇಳಿದರೂ
ಆರಕ್ಕೇರದೆ ಮೂರಕ್ಕಿಳಿಯದೆ ಉಳಿದದ್ದು
ನಮ್ಮಿಬ್ಬರ ಮಾತು.
ಮೊನ್ನೆ ಬ್ರೆಡ್ಡಿನ ಅಂಗಡಿಯಲ್ಲಿ ಎದುರಾದ.
ಒಂದೇ ನೆಲ, ಸಮತಟ್ಟು.
ಇಷ್ಟು ಕುಳ್ಳನೆಂದು ಗೊತ್ತಿರಲಿಲ್ಲ.
“ಅಲ್ಲೆಗ್ರಾ” ಎಂದ.
ಫೋನಿನಲ್ಲಿ ಗಾಳಿಯ ವೇಗ ಹೇಳುತ್ತಿದ್ದ ಅದೇ ದನಿ.
“ಆ ಪಿಯಾನೋ...” ಎಂದೆ.
“ಯಾವ ಪಿಯಾನೋ?” ಎಂದ.

ಅವನು ನಿಂತ. ನಾನೂ ನಿಂತೆ.
ಆರು ಸೆಕೆಂಡು ಆಯಿತು, ಏಳಾಯಿತು,
ಹಗ್ಗ ಯಾರನ್ನೂ ಎಳೆದುಕೊಂಡು ಹೋಗಲಿಲ್ಲ.
ಎಂಟು. ಅಂಗಡಿಯವಳು “ಮುಂದಿನವರು” ಎಂದಳು.

ಹೊರಗೆ ಬಂದೆ. ಹಳೆಯ ಚಾಳಿ,
ಬಾಗಿಲು ಸರಿಯಾಗಿ ಕೂತಿದೆಯೇ ಎಂದು
ಹಿಡಿ ಎಳೆದು ನೋಡಿದೆ.
ಬರಲಿಲ್ಲ.
ಒಳಗಿನಿಂದ ಅವನೂ ಎಳೆಯುತ್ತಿದ್ದ.